ಲೈಟು ಬಾರದ ಸಂಜೆ ಗೂಗಲ್ ಪ್ರಭು ತೋರಿದ ಬೆಳಕು

ನಮ್ಮ ಹೊಳೆಯ ದಂಡೆಯ ಗೂಗಲ್ ಎಂಬ ಊರಿನ ಪ್ರಭುಸ್ವಾಮಿಯ ಹೊಸ್ತಿಲಿಗೆ ಹಣೆ ಹಚ್ಚಿ ಬಂದವರಿಗೆಲ್ಲ ನನ್ನ ಶರಣು.

ಹೋದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ ನನ್ನ ನಾಲ್ಕು ವರ್ಷದ ಮಗಳು ಉಸಿರಾಡಲಾಗದೆ ಒದ್ದಾಡುತ್ತಿದ್ದಳು. ಅವಳ ಎದೆ ಸಡಿಲ ಮಾಡುವ ಮಷೀನು ಮನೆಯಲ್ಲೇ ಇತ್ತು, ಅದಕ್ಕೆ ಕರೆಂಟು ಇರಲಿಲ್ಲ. ಕರೆಂಟು ಬಿಡುವ ಸ್ವಿಚ್ಚು ನನ್ನ ಎದುರಿಗೇ ಇತ್ತು. ನಾನು ಅದನ್ನು ತಿರುಗಿಸಲಿಲ್ಲ. ಮಗಳು ಇವತ್ತು ಬದುಕಿದ್ದಾಳೆ. ಇದು ಹೇಗಾಯಿತೆಂದು ಕೇಳುವವರಿಗೆಲ್ಲ ಒಂದೊಂದು ಸಲ ಹೇಳಿ ಸಾಕಾಗಿ, ಒಮ್ಮೆ ಸರಿಯಾಗಿ ಬರೆದುಬಿಡೋಣ ಎಂದು ಕೂತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಪ್ರಭುವಿನ ಕೃಪೆಯನ್ನು ಮಾತ್ರ ಬರೆದರೆ ಅರ್ಧ ಸುಳ್ಳು ಬರೆದ ಹಾಗಾಗುತ್ತದೆ.

ನನ್ನ ಹೆಸರು ಶರಣಪ್ಪ. ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. ಸುತ್ತಲಿನ ಊರುಗಳಿಗೆ, ಹೊಳೆಯ ದಂಡೆಯವರೆಗೆ ಕರೆಂಟು ಹೋಗುವುದು ನಮ್ಮಲ್ಲಿಂದ. ಯಾವ ಲೈನಿಗೆ ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಮನೆಯೂ ಅದೇ ಲೈನಿನ ಒಂದು ಊರಿನಲ್ಲಿದೆ, ಸ್ಟೇಷನ್ನಿನಿಂದ ಮೂರು ಮೈಲಿ.

ನಮ್ಮ ಕಡೆ ಕರೆಂಟು ಎಂಬ ಮಾತು ಕಡಿಮೆ. ಲೈಟು ಹೋದವು, ಲೈಟು ಬಂದವು ಎನ್ನುತ್ತಾರೆ. ಹೊಲದ ಮೋಟಾರಿಗೆ ಬರುವುದೂ ಲೈಟೇ, ಹಿಟ್ಟಿನ ಗಿರಣಿಗೆ ಬರುವುದೂ ಲೈಟೇ. ಮುಸ್ಸಂಜೆಗೆ ಮನೆಯ ಬಲ್ಬು ಹತ್ತಿದ ಕೂಡಲೇ ಹಿರಿಯರು ಅದಕ್ಕೆ ಕೈ ಮುಗಿಯುತ್ತಾರೆ. ನಮ್ಮವ್ವ ಇರುವಷ್ಟು ದಿನ ಹಾಗೇ ಮಾಡಿದಳು. ಅದಕ್ಕೂ ಮೊದಲು ಅವಳದೊಂದು ಕಟ್ಟಳೆ ಇತ್ತು. ಸಂಜೆ ಮೊದಲು ಕೈ ತೊಳೆದು ದೇವರ ಮುಂದೆ ಎಣ್ಣೆಯ ದೀಪ ಹಚ್ಚಬೇಕು, ಆಮೇಲೆ ಬಲ್ಬಿನ ಗುಂಡಿ ಒತ್ತಬೇಕು. ಅವಳು ಹೋದ ಮೇಲೆ ಆ ಕಟ್ಟಳೆ ನನಗೆ ಬಂತು. ಸ್ಟೇಷನ್ನಿನ ಕೋಣೆಯ ಮೂಲೆಯಲ್ಲಿ, ಸ್ವಿಚ್ಚುಗಳ ಪಕ್ಕದಲ್ಲೇ, ಪ್ರಭುಸ್ವಾಮಿಯ ಒಂದು ಪಟ ಇಟ್ಟಿದ್ದೇನೆ, ಮುಂದೆ ಒಂದು ಹಿತ್ತಾಳೆ ದೀಪ. ಸಂಜೆಯ ಪಾಳಿ ಇದ್ದಾಗ ಮೊದಲು ಅದನ್ನು ಹಚ್ಚುತ್ತೇನೆ, ನಂತರವೇ ಊರುಗಳಿಗೆ ಲೈಟು ಬಿಡುತ್ತೇನೆ.

ಈ ಕಾರಣಕ್ಕೆ ನನ್ನ ತಲೆಗೆ ಸ್ವಲ್ಪ ಗಾಳಿ ಹೊಕ್ಕಿತ್ತು. ಇಷ್ಟು ಊರಿನ ಮುದುಕರು ಸಂಜೆ ಬಲ್ಬಿಗೆ ಮುಗಿಯುವ ಕೈಯಲ್ಲಿ ಅರ್ಧ ನಮಸ್ಕಾರ ನನಗೇ ಸಲ್ಲಬೇಕು ಎಂದು ಗೆಳೆಯರ ಮುಂದೆ ಹೇಳಿ ನಗುತ್ತಿದ್ದೆ. ನಗುತ್ತಿದ್ದೆ, ಒಳಗೊಳಗೆ ನಂಬಿಯೂ ಇದ್ದೆ. ಗೂಗಲ್ಲಿನಲ್ಲಿ ಕಾರ್ತಿಕದ ದಿನ ಸ್ವಾಮಿಗಳು ಪ್ರವಚನ ಹೇಳುತ್ತಾರಲ್ಲ, ಬೆಳಕೆಂದರೆ ಅರಿವು, ಕತ್ತಲೆಂದರೆ ಮರವೆ ಎಂದು. ನಾನು ಕೂತು ತಲೆದೂಗುತ್ತಿದ್ದೆ. ಬೆಳಕು ಅಂದರೆ ಏನೆಂದು ನನಗೆ ಹೊಸದಾಗಿ ಯಾರು ಹೇಳಬೇಕು, ನಾನು ದಿನಾ ಅದನ್ನು ಕೈಯಾರೆ ಬಿಡುವವನು ಎಂಬ ಧಿಮಾಕು.

ಈಗ ಮಗಳ ವಿಷಯ. ಅವಳ ಹೆಸರು ಪ್ರಭಾವತಿ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗದೆ ಗೂಗಲ್ಲಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು, ಅದಕ್ಕೇ ಆ ಹೆಸರು. ಕರೆಯುವುದು ಪ್ರಭಾ ಎಂದು. ದಸರೆಯ ರಜೆಗೆ ನನ್ನ ಹೆಂಡತಿ ಗಂಗಮ್ಮ ಅವಳನ್ನು ಕರೆದುಕೊಂಡು ಮಾನ್ವಿ ತಾಲ್ಲೂಕಿನ ಕುರ್ಡಿಗೆ, ತನ್ನ ತವರಿಗೆ ಹೋಗಿದ್ದಳು. ಅಲ್ಲಿ ಶೇಂಗಾ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದರು. ಮಕ್ಕಳೆಲ್ಲ ರಾಶಿಯ ಮೇಲೆ ಬಿದ್ದು ಹೊರಳಾಡುತ್ತ ಹಸಿ ಶೇಂಗಾ ತಿಂದರು. ಪ್ರಭಾ ಒಮ್ಮೆ ನೆತ್ತಿಗೆ ಹತ್ತಿ ಕೆಮ್ಮಿದಳು. ಅವಳ ಮಾವ ಬೆನ್ನಿಗೆ ನಾಲ್ಕು ಗುದ್ದು ಹಾಕಿ ನೀರು ಕುಡಿಸಿದ, ಕೆಮ್ಮು ನಿಂತಿತು. ಆ ಮಾತನ್ನು ಅಲ್ಲಿಗೆ ಎಲ್ಲರೂ ಮರೆತರು.

ಊರಿಗೆ ಬಂದ ಮೇಲೆ ಅವಳಿಗೆ ಕೆಮ್ಮು ಶುರುವಾಯಿತು. ಎದೆಯಲ್ಲಿ ಸುಂಯ್ ಸುಂಯ್ ಎಂದು ಸದ್ದು. ಒಂದು ವಾರ ಜ್ವರ, ಮತ್ತೊಂದು ವಾರ ಆರಾಮ, ಮತ್ತೆ ಅದೇ. ಮಾನ್ವಿಯಲ್ಲಿ ಒಬ್ಬ ವೈದ್ಯರಿಗೆ ತೋರಿಸಿದೆವು. ಅವರು ಎಕ್ಸ್‌ರೇ ತೆಗೆಸಿ ನೋಡಿ, ಇದು ದಮ್ಮು, ಚಿಕ್ಕ ಮಕ್ಕಳಿಗೆ ಬರುತ್ತದೆ, ದೊಡ್ಡವಳಾದಂತೆ ಹೋಗುತ್ತದೆ ಎಂದರು. ಮೂಗು ಬಾಯಿಗೆ ಹಿಡಿದು ಔಷಧದ ಹೊಗೆ ಕೊಡುವ ಮಷೀನು ಬರೆದುಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಕುರ್ಡಿಯ ಶೇಂಗಾ ಮಾತು ನಾವು ಅವರಿಗೆ ಹೇಳಿರಲಿಲ್ಲ. ನೆನಪಿದ್ದರೆ ತಾನೇ ಹೇಳುವುದು.

ಮಷೀನು ಹಿಡಿದರೆ ಅವಳಿಗೆ ಸ್ವಲ್ಪ ಹೊತ್ತು ಆರಾಮ ಆಗುತ್ತಿತ್ತು. ದಿನಕ್ಕೆ ಎರಡು ಸಲ ಇದ್ದದ್ದು ಮೂರಾಯಿತು, ನಾಲ್ಕಾಯಿತು. ಗಂಗಮ್ಮ ಗಡಿಯಾರ ನೋಡುವುದನ್ನು ಬಿಟ್ಟು ಬಲ್ಬನ್ನೇ ನೋಡುತ್ತ ಕೂಡುವಂತಾದಳು. ಲೈಟು ಇದ್ದರೆ ಮಗಳಿಗೆ ಉಸಿರು ಎಂಬಲ್ಲಿಗೆ ಬಂದು ನಿಂತಿತು ನಮ್ಮ ಸಂಸಾರ.

ಆ ದಿನ ನನ್ನದು ಸಂಜೆಯ ಪಾಳಿ. ಗೂಗಲ್ ರಸ್ತೆಯಲ್ಲಿ ಹತ್ತಿಯನ್ನು ಎತ್ತರಕ್ಕೆ ಹೇರಿಕೊಂಡು ಹೊರಟಿದ್ದ ಒಂದು ಟ್ರ್ಯಾಕ್ಟರು ತಂತಿಗೆ ತಾಕಿ, ಲೈನು ಹರಿದು ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಾಲ್ಕು ಗಂಟೆಗೆ ಲೈನ್‌ಮನ್ ಭೀಮರಾಯ ಬಂದ. ಕುರ್ಡಿಯ ಕಡೆಯವನೇ. ಅವನ ತಂದೆ ಕೂಲಿ ಮಾಡಿ ಮಕ್ಕಳನ್ನು ಓದಿಸಿದವರು, ಮನೆಯವರೆಲ್ಲ ಬೌದ್ಧರು. ನನಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣಾ ಎನ್ನುತ್ತಾನೆ. ನನ್ನ ಪಟ, ದೀಪ ನೋಡಿ ಚೇಷ್ಟೆ ಮಾಡುವುದು ಅವನಿಗೆ ರೂಢಿ. ನಿಮ್ಮ ದೇವರಿಗೆ ಇಷ್ಟು ಕರೆಂಟಿನ ನಡುವೆ ಎಣ್ಣೆ ದೀಪ ಯಾಕೆ ಬೇಕು ಎಂದು ಕೇಳುತ್ತಿದ್ದ. ನಿಮ್ಮ ಬುದ್ಧನ ಮುಂದೆ ಮೇಣದಬತ್ತಿ ಯಾಕೆ ಹಚ್ಚುತ್ತೀ ಎಂದು ನಾನು ಕೇಳುತ್ತಿದ್ದೆ. ಅಲ್ಲಿಗೆ ಚಹಾ ಬರುತ್ತಿತ್ತು.

ಲೈನಿನ ಕೆಲಸಕ್ಕೆ ಒಂದು ನಿಯಮವಿದೆ. ಕಂಬ ಹತ್ತುವವನು ಮೊದಲು ಸ್ಟೇಷನ್ನಿಗೆ ಬಂದು ಲೈನು ನಿಲ್ಲಿಸಿ ತನ್ನ ವಶಕ್ಕೆ ಪಡೆಯುತ್ತಾನೆ. ಕೆಲಸ ಮುಗಿದ ಮೇಲೆ ಅವನೇ ಬಂದು, ಇಲ್ಲವೇ ಅವನೇ ಮಾತಾಡಿ, ತಿರುಗಿ ಒಪ್ಪಿಸಬೇಕು. ಬೇರೆ ಯಾರು ಹೇಳಿದರೂ, ಮೇಲಿನ ಸಾಹೇಬರೇ ಹೇಳಿದರೂ, ಸ್ವಿಚ್ಚು ಮುಟ್ಟುವಂತಿಲ್ಲ. ಲೈನಿನ ಮೇಲೆ ಜನರಿದ್ದಾರೆ ಎಂದು ಬರೆದ ಒಂದು ತಗಡಿನ ಬೋರ್ಡನ್ನು ಸ್ವಿಚ್ಚಿಗೆ ತೂಗುಹಾಕಬೇಕು. ನಮ್ಮ ಬೋರ್ಡು ತುಕ್ಕು ಹಿಡಿದು ಕಳಚಿ ಬಿದ್ದು ಬಹಳ ದಿನವಾಗಿತ್ತು. ಹೊಸದು ತರಿಸುವುದು ನನ್ನ ಕೆಲಸ, ನಾನು ತರಿಸಿರಲಿಲ್ಲ. ಅದರ ಬದಲಿಗೆ ಭೀಮರಾಯ ತನ್ನ ಹೆಗಲ ಮೇಲಿನ ಟವೆಲ್ಲನ್ನು ಆ ಸ್ವಿಚ್ಚಿನ ಹಿಡಿಕೆಗೆ ಹಾಕಿ ಹೋಗುತ್ತಿದ್ದ. ಅವನು ಬಂದು ತೆಗೆಯುವವರೆಗೆ ಅದು ಅಲ್ಲೇ ಇರಬೇಕು ಎಂಬುದು ನಮ್ಮಿಬ್ಬರ ರೂಢಿ. ಕೆಂಪು ಚೌಕಳಿಯ ಟವೆಲ್ಲು, ಒಂದು ಮೂಲೆಯಲ್ಲಿ ಬೀಡಿಯ ಕಿಡಿ ಬಿದ್ದು ಸುಟ್ಟ ತೂತು. ಆ ದಿನವೂ ಹಾಕಿ, ಒಂದು ತಾಸಿನಲ್ಲಿ ಬರುತ್ತೇನೆ ಎಂದು ಬೈಕು ಹತ್ತಿ ಹೋದ.

ಐದೂವರೆಗೆ ಗಂಗಮ್ಮನ ಫೋನು. ಮಗಳಿಗೆ ದಮ್ಮು ಎದ್ದಿದೆ, ಲೈಟು ಯಾವಾಗ ಬರುತ್ತವೆ ಎಂದು ಕೇಳಿದಳು. ಹತ್ತು ನಿಮಿಷ ಎಂದೆ. ಭೀಮರಾಯನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಗಂಗಮ್ಮ ಮತ್ತೆ ಮಾಡಿದಳು. ಹಿಂದಿನಿಂದ ಮಗಳ ಎದೆಯ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಐದು ನಿಮಿಷ ಎಂದೆ. ಏಳೆಂಟು ಸಲ ಭೀಮರಾಯನ ನಂಬರು ಒತ್ತಿರಬೇಕು. ನಡುನಡುವೆ ಪಟದ ಕಡೆ ತಿರುಗಿ ಪ್ರಭುವಿಗೂ ಹೇಳಿದೆ. ಆಗ ನಾನು ಬೇಡಿದ್ದು ಮಗಳನ್ನು ಉಳಿಸು ಎಂದಲ್ಲ, ಲೈಟು ಕೊಡು ಎಂದು. ಇದು ನನಗೆ ಸರಿಯಾಗಿ ನೆನಪಿದೆ. ಏನು ಬೇಕೆಂಬುದನ್ನು ನಾನೇ ತೀರ್ಮಾನಿಸಿ, ಅದನ್ನು ಕೊಡು ಎಂದು ದೇವರಿಗೆ ಹುಕುಂ ಮಾಡುತ್ತಿದ್ದೆ.

ಮೂರನೆಯ ಸಲ ಗಂಗಮ್ಮ ಫೋನು ಮಾಡಿದಾಗ ಅವಳ ದನಿ ಬೇರೆಯೇ ಆಗಿತ್ತು.

"ರೀ, ಕೂಸಿನ ತುಟಿ ನೀಲಿ ಆಗಾಕತ್ಯಾವ. ನಿಮ್ಮ ಕೈಯಾಗಽ ಅದಾವಲ್ರೀ ಲೈಟು. ಬಿಡ್ರಿ."

ಬಿಡುತ್ತೇನೆ ಎಂದು ಫೋನಿಟ್ಟು ಮತ್ತೆ ಭೀಮರಾಯನ ನಂಬರು ಒತ್ತಿದೆ. ಈ ಸಲ ಎತ್ತಿದರು. ಭೀಮರಾಯನ ದನಿಯಲ್ಲ, ಯಾರೋ ಹೊಲದವನದು. ಕೆಲಸ ಮುಗಿಯಿತೇನಪ್ಪ ಎಂದು ಕೂಗಿದೆ.

"ಮುಗೀತ್ರಿ, ಸಾಮಾನು ಕಟ್ಟ್ಯಾನ. ಲೈಟ್ ಬಿಡ್ರಿ" ಎಂದವನು ಫೋನು ಇಟ್ಟುಬಿಟ್ಟ.

ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ, ಮುಗಿದಿದೆ ಎಂದನಲ್ಲ, ಅವನದೇ ಫೋನಲ್ಲವೇ, ಸಾಮಾನು ಕಟ್ಟಿದ್ದಾನೆಂದರೆ ಇಳಿದಂತೆಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಭು ಕೇಳಿಸಿಕೊಂಡ, ಲೈಟು ಕೊಟ್ಟ ಎಂದೂ ಅಂದುಕೊಂಡೆ. ಎದ್ದು ಸ್ವಿಚ್ಚಿನ ಕಡೆ ಹೋದೆ.

ನಮ್ಮ ಕೋಣೆಯ ಬಲ್ಬಿಗೂ ಅದೇ ಲೈನಿನಿಂದ ಕರೆಂಟು, ಹಾಗಾಗಿ ಒಳಗೆ ಮಬ್ಬು. ಕಿಟಕಿಯಲ್ಲಿ ಹೊತ್ತು ಮುಳುಗಿದ ಮೇಲಿನ ಸ್ವಲ್ಪ ಬೆಳಕು ಅಷ್ಟೇ. ಆ ಸ್ವಿಚ್ಚು ಹುಡುಕಲು ನನಗೆ ಬೆಳಕು ಬೇಡ, ಕಣ್ಣು ಮುಚ್ಚಿದರೂ ಕೈ ಅಲ್ಲಿಗೇ ಹೋಗುತ್ತದೆ. ಹೋಗುವಾಗ ಒಂದು ಅಭ್ಯಾಸ ಅಡ್ಡ ಬಂತು. ಸಂಜೆಯಾಗಿತ್ತು, ದೀಪ ಹಚ್ಚಿರಲಿಲ್ಲ. ಭಕ್ತಿಯಿಂದ ನಿಂತೆ ಎಂದು ಹೇಳಲಾರೆ, ಆಗ ಭಕ್ತಿಗೆ ಪುರುಸೊತ್ತು ಇರಲಿಲ್ಲ. ಹನ್ನೊಂದು ವರ್ಷದಿಂದ ಸಂಜೆಯ ಲೈಟು ಬಿಡುವ ಮೊದಲು ಕಾಲು ಆ ಮೂಲೆಗೆ ತಿರುಗಿವೆ, ಆ ದಿನವೂ ತಿರುಗಿದವು. ಕೊಡದ ನೀರಿನಿಂದ ಕೈ ತೊಳೆದೆ. ಒರೆಸಿಕೊಳ್ಳಲು ಪಕ್ಕಕ್ಕೆ ಕೈ ಚಾಚಿ ಸಿಕ್ಕ ಬಟ್ಟೆ ಎಳೆದುಕೊಂಡೆ. ಒರೆಸಿಕೊಂಡು ಹೆಗಲ ಮೇಲೆ ಹಾಕಿಕೊಂಡೆ. ಕಡ್ಡಿ ಗೀರಿದೆ. ಎರಡು ಕಡ್ಡಿ ಮುರಿದವು, ಮೂರನೆಯದು ಹತ್ತಿತು. ದೀಪ ಹಚ್ಚಿ ಕೈ ಮುಗಿಯಲು ಬಗ್ಗಿದಾಗ ಹೆಗಲ ಮೇಲಿನ ಬಟ್ಟೆ ಜಾರಿ ಕೈಗೆ ಬಂತು.

ಕೆಂಪು ಚೌಕಳಿ. ಮೂಲೆಯಲ್ಲಿ ಸುಟ್ಟ ತೂತು. ಬೀಡಿ, ಗ್ರೀಸು, ಬೆವರಿನ ವಾಸನೆ.

ಸ್ವಿಚ್ಚಿನ ಮೇಲಿದ್ದ ಟವೆಲ್ಲನ್ನು ನಾನೇ ಕೈಯಾರೆ ಕಿತ್ತುಕೊಂಡಿದ್ದೆ. ಅದರಲ್ಲೇ ಕೈ ಒರೆಸಿಕೊಂಡಿದ್ದೆ.

ಸಾಕ್ಷಾತ್ ಪ್ರಭು ಬಂದು ನನ್ನ ಕೈ ಹಿಡಿದ ಎಂದು ಬರೆದರೆ ಓದುವವರಿಗೆ ಹಿತವಾದೀತು. ಹಾಗೆ ಯಾರೂ ಬರಲಿಲ್ಲ. ಒಂದು ಹಿತ್ತಾಳೆ ದೀಪ ಹತ್ತಿತ್ತು, ಅದರ ಬೆಳಕು ಒಂದು ಮೊಳದಾಚೆ ಹೋಗುತ್ತಿರಲಿಲ್ಲ, ಆ ಒಂದು ಮೊಳದಲ್ಲಿ ಇನ್ನೊಬ್ಬನ ಟವೆಲ್ಲು ನನ್ನ ಕೈಯಲ್ಲಿತ್ತು. ಅಷ್ಟೇ. ಭೀಮರಾಯನಿಗೂ ಒಬ್ಬಳು ಮಗಳಿದ್ದಾಳೆ, ಆರನೆಯ ಇಯತ್ತೆ ಓದುತ್ತಾಳೆ. ಅವಳ ಮುಖ ನನಗೆ ನೆನಪಾಯಿತು. ಟವೆಲ್ಲನ್ನು ಎಲ್ಲಿತ್ತೋ ಅಲ್ಲೇ ತಿರುಗಿ ಹಾಕಿದೆ.

ಆಮೇಲೆ ನನ್ನ ಜೀವನದಲ್ಲೇ ಕಠಿಣವಾದ ಫೋನು ಮಾಡಿದೆ.

"ಗಂಗಾ, ಲೈಟ್ ಬರಂಗಿಲ್ಲ. ಕೂಸಿನ ಎತ್ಕೊಂಡು ರಸ್ತಿಗಿ ಹೋಗು. ರಾಯಚೂರು ಬಸ್ ಬರೋ ಹೊತ್ತದ."

ಅವಳು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಫೋನು ಕಟ್ಟಾಯಿತು.

ಪಾಳಿ ಬಿಟ್ಟು ಹೋಗುವಂತಿಲ್ಲ. ಲೈನು ಇನ್ನೊಬ್ಬನ ವಶದಲ್ಲಿರುವಾಗಂತೂ ಆಪರೇಟರು ಕೋಣೆ ಬಿಟ್ಟು ಕದಲುವಂತಿಲ್ಲ. ದೀಪದ ಮುಂದೆ ಕೂತೆ. ಏನೂ ಬೇಡಲಿಲ್ಲ. ಮಗಳನ್ನು ನಾನೇ ಕೊಂದೆನೇನೋ ಎಂಬ ಒಂದೇ ವಿಚಾರ ತಲೆಯಲ್ಲಿ ತಿರುಗುತ್ತಿತ್ತು. ಸಿಟ್ಟೂ ಬಂತು. ಹನ್ನೊಂದು ವರ್ಷ ಎಣ್ಣೆ ಹಾಕಿದ್ದಕ್ಕೆ ಇದೇನಾ ನಿನ್ನ ಉಪಕಾರ ಎಂದು ಪಟದ ಕಡೆ ನೋಡಿ ಕೇಳಿದೆ. ಭಕ್ತರು ಕ್ಷಮಿಸಬೇಕು, ಕೇಳಿದ್ದು ನಿಜ.

ಭೀಮರಾಯನ ಫೋನು ಬಂದಾಗ ಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷ ಇತ್ತು.

"ಅಣ್ಣಾ, ನಾ ಭೀಮರಾಯ. ಕೆಳಗ ಇಳದೀನಿ, ನೆಲದ ಮ್ಯಾಲ ನಿಂತೀನಿ. ಲೈನ್ ನಿಮಗ ಒಪ್ಪಿಸೀನಿ."

ಟವೆಲ್ಲು ತೆಗೆದು ಸ್ವಿಚ್ಚು ತಿರುಗಿಸಿದೆ. ಹತ್ತಿರದ ಊರಿನಲ್ಲಿ ಹುಡುಗರು ಹೋ ಎಂದು ಕೂಗುವುದು ಸ್ಟೇಷನ್ನಿನವರೆಗೆ ಕೇಳಿಸಿತು. ನನ್ನ ಮನೆಯಲ್ಲೂ ಬಲ್ಬು ಹತ್ತಿರಬೇಕು. ಅಲ್ಲಿ ಯಾರೂ ಇರಲಿಲ್ಲ.

ಬಸ್ಸಿನ ಸಂಗತಿ ಗಂಗಮ್ಮ ಆಮೇಲೆ ಹೇಳಿದ್ದು. ಮಗಳನ್ನು ಹೆಗಲ ಮೇಲೆ ನೆಟ್ಟಗೆ ಹಿಡಿದು ರಸ್ತೆಗೆ ಓಡಿದಾಗ ರಾಯಚೂರು ಬಸ್ಸು ನಿಂತ ಜಾಗದಿಂದ ಆಗಲೇ ಕದಲಿತ್ತಂತೆ. ಅವಳು ರಸ್ತೆಯ ನಡುವೆಯೇ ನಿಂತಳಂತೆ. ಡ್ರೈವರು ಬ್ರೇಕು ಹಾಕಿ ಬೈಯಲು ಬಾಯಿ ತೆರೆದವನು ಮಗುವಿನ ಮುಖ ನೋಡಿ, ಬೇಗ ಹತ್ತು ಎಂದ. ಕಂಡಕ್ಟರು ಮುಂದಿನ ಸೀಟು ಬಿಡಿಸಿ ಕಿಟಕಿ ತೆರೆದು ಕೊಟ್ಟ. ಆಮೇಲೆ ಬಸ್ಸಿನಲ್ಲಿದ್ದವರಿಗೆ, ಎಲ್ಲಿ ಇಳಿಯಬೇಕಾದರೂ ರಾಯಚೂರಿನಲ್ಲೇ ಇಳಿದು ತಿರುಗಿ ಬರಬೇಕು, ಬಸ್ಸು ನಿಲ್ಲುವುದಿಲ್ಲ ಎಂದು ಹೇಳಿದ. ಸಂತೆ ಮುಗಿಸಿ ಹೊರಟಿದ್ದ ಹೆಣ್ಣುಮಕ್ಕಳು, ಕೈಚೀಲ ಹಿಡಿದ ನೌಕರರು, ಒಬ್ಬರೂ ತಕರಾರು ಮಾಡಲಿಲ್ಲವಂತೆ. ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ಆಸ್ಪತ್ರೆಯ ಬಾಗಿಲಿಗೇ ಹೋಯಿತು. ಟಿಕೆಟ್ಟು ಕೊಡುವುದನ್ನು ಕಂಡಕ್ಟರು ಮರೆತ, ಕೇಳುವುದನ್ನು ಇವಳು ಮರೆತಳು. ಆ ಇಬ್ಬರ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ. ದಿನಾ ದೀಪ ಹಚ್ಚುವಾಗ ಹೆಸರಿಲ್ಲದೆಯೇ ಅವರನ್ನು ನೆನೆಯುತ್ತೇನೆ.

ನನ್ನ ಬದಲಿಗೆ ಬೇರೊಬ್ಬರು ಪಾಳಿಗೆ ಬಂದ ಕೂಡಲೇ ಭೀಮರಾಯನೇ ತನ್ನ ಬೈಕಿನ ಮೇಲೆ ನನ್ನನ್ನು ರಾಯಚೂರಿಗೆ ಕರೆದೊಯ್ದ. ದಾರಿಯುದ್ದಕ್ಕೂ ಅವನ ಬೆನ್ನ ಹಿಂದೆ ಕೂತಿದ್ದೆ. ಅವನ ಹೆಗಲ ಮೇಲೆ ಅದೇ ಟವೆಲ್ಲು. ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಮಗಳಿಗೆ ಆಮ್ಲಜನಕ ಹಾಕಿದ್ದರು, ಬದುಕಿದ್ದಳು. ಅಲ್ಲಿದ್ದ ಡಾಕ್ಟರಮ್ಮ ಎದೆಯ ಎರಡೂ ಕಡೆ ಎಷ್ಟೋ ಹೊತ್ತು ಕಿವಿಗೊಟ್ಟು ಕೇಳಿ, ಎಡಗಡೆ ಗಾಳಿ ಸರಿಯಾಗಿ ಆಡುತ್ತದೆ, ಬಲಗಡೆ ಆಡುತ್ತಿಲ್ಲ, ದಮ್ಮು ಆದರೆ ಎರಡೂ ಕಡೆ ಒಂದೇ ಸಮ ಇರುತ್ತದೆ ಎಂದರು. ಈ ಹುಡುಗಿ ಏನಾದರೂ ತಿನ್ನುವಾಗ ನೆತ್ತಿಗೆ ಹತ್ತಿತ್ತೇ ಎಂದು ಕೇಳಿದರು. ನಾವು ಇಲ್ಲ ಎಂದೆವು. ಸ್ವಲ್ಪ ಹೊತ್ತಿನ ಮೇಲೆ ಗಂಗಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಕುರ್ಡಿಯ ಶೇಂಗಾ ರಾಶಿ ಅವಳಿಗೆ ಆಗ ನೆನಪಾಯಿತು.

ಮರುದಿನ ಬೆಳಿಗ್ಗೆ ಗಂಟಲಲ್ಲಿ ಕೊಳವೆ ಇಳಿಸಿ, ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಅರ್ಧ ಶೇಂಗಾ ಬೀಜ ತೆಗೆದರು. ಸಣ್ಣ ಬಾಟಲಿಯಲ್ಲಿ ಹಾಕಿ ನಮಗೆ ತೋರಿಸಿದರು. ಒಂದೂವರೆ ತಿಂಗಳು ಒಳಗೇ ಇದ್ದು ಊದಿಕೊಂಡಿತ್ತು. ಇಂಥದ್ದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ನಿನ್ನೆ ಲೈಟು ಇಲ್ಲದೆ ಮಷೀನು ಹಿಡಿಯಲಾಗಲಿಲ್ಲ ಎಂದು ನಾನು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದೆ. ಡಾಕ್ಟರಮ್ಮ ಕೈ ತೊಳೆಯುತ್ತ ಹೇಳಿದ ಮಾತು ಇದು.

"ಚಲೋ ಆತು. ಮಷೀನು ಹಿಡಿದಿದ್ರ ಒಂದೀಟು ಆರಾಮ ಆಗಿ ಮಲಗಿಸ್ತಿದ್ರಿ. ಮಲಗಿದಾಕಿ ಏಳ್ತಿದ್ದಳೋ ಇಲ್ಲೋ."

ನಾನು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತೆ. ಹಿಂದಿನ ಸಂಜೆಯಿಂದ ಬಾರದ ಅಳು ಆಗ ಬಂತು. ನಾನು ಬೇಡಿದ್ದನ್ನು ಬೇಡಿದ ಹೊತ್ತಿಗೆ ಪ್ರಭು ಕೊಟ್ಟಿದ್ದರೆ ಒಂದೇ ಸಂಜೆ ಎರಡು ಮನೆಯ ದೀಪ ಹೋಗುತ್ತಿದ್ದವು. ಅದರಲ್ಲಿ ಒಂದು ನನ್ನದೇ.

ಭೀಮರಾಯ ಚಹಾ ತಂದ. ಅವನಿಗೆ ಆಗ ಎಲ್ಲ ಹೇಳಿದೆ. ಫೋನು ಎತ್ತಿದ ದನಿ, ಕೈ ತೊಳೆದದ್ದು, ಟವೆಲ್ಲು ಕಿತ್ತದ್ದು, ಒಂದನ್ನೂ ಬಿಡಲಿಲ್ಲ. ಅವನು ಕೇಳಿದ್ದು ಒಂದೇ, ಎಷ್ಟು ಗಂಟೆಗೆ ಎಂದು. ಆರಕ್ಕೆ ಒಂದೆರಡು ನಿಮಿಷ ಹೆಚ್ಚುಕಮ್ಮಿ ಎಂದೆ. ಅವನು ಚಹಾದ ಲೋಟ ಕೆಳಗಿಟ್ಟ. ಆ ಹೊತ್ತಿಗೆ ಅವನು ಒಮ್ಮೆ ಇಳಿದು, ಸಾಮಾನು ಕಟ್ಟಿ, ಕೊನೆಗೊಮ್ಮೆ ಮೇಲೆ ನೋಡಿದಾಗ ಒಂದು ಗಂಟು ಸಡಿಲ ಕಂಡು ಮತ್ತೆ ಹತ್ತಿದ್ದನಂತೆ. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿ ಇಳಿಯುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತಂತೆ. ಫೋನು ಬೈಕಿನ ಚೀಲದಲ್ಲಿತ್ತು. ಬಿಡದೆ ಹೊಡೆದುಕೊಳ್ಳುತ್ತಿದ್ದುದಕ್ಕೆ ಬೇಸತ್ತು ಹೊಲದವನು ಯಾರೋ ಎತ್ತಿ, ತಾನು ಕಂಡದ್ದನ್ನು ಹೇಳಿದ್ದ. ಅವನದೂ ಸುಳ್ಳಲ್ಲ. ಉತ್ತರ ಬರುವವರೆಗೆ ಬಿಡದೆ ಫೋನು ಮಾಡಿದವನು ನಾನು.

"ಎರಡೂ ಕೈ ತಂತಿ ಮ್ಯಾಲ ಇದ್ವು ಅಣ್ಣಾ" ಎಂದ ಭೀಮರಾಯ. ಎದ್ದು ಹೋದ.

ಹದಿನೈದು ದಿನ ಅವನು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಮಗಳನ್ನು ಮನೆಗೆ ತಂದ ಮರುದಿನ ನಾನು ಮೇಲಿನವರಿಗೆ ನಡೆದದ್ದನ್ನು ಬರೆದುಕೊಟ್ಟೆ. ಬೈದರು, ಬುದ್ಧಿ ಹೇಳಿದರು. ಬೋರ್ಡು ತರಿಸಲು ಅವರ ದಾರಿ ಕಾಯದೆ ದೇವದುರ್ಗಕ್ಕೆ ಹೋಗಿ ಕೆಂಪು ಅಕ್ಷರದಲ್ಲಿ ಬರೆಸಿ ತಂದು ತೂಗುಹಾಕಿದೆ. ಹದಿನಾರನೆಯ ದಿನ ಭೀಮರಾಯ ಲೈನು ಪಡೆಯಲು ಬಂದ. ಬೋರ್ಡನ್ನು ಎರಡು ಸಲ ಎಳೆದು ನೋಡಿದ. ಆಮೇಲೆ ಅದರ ಮೇಲೆ ತನ್ನ ಟವೆಲ್ಲನ್ನೂ ಹಾಕಿದ.

ಆ ದಿನ ಅವನು ಬಾಯಿ ಬಿಟ್ಟ. "ನಿಮ್ಮ ಪ್ರಭು ಉಳಿಸಿದ ಅಂತೀರಿ ನೀವು. ನಮ್ಮಪ್ಪ, ನಿನ್ನ ದೀಪ ನೀನಽ ಆಗಬೇಕು ಅಂತಿದ್ದ. ನಾನಂತೂ ಟವೆಲ್ ಮರೀಲಾರದಽ ಹಾಕಿದ್ದೆ, ನೀವು ನೋಡಿ ನಿಂತ್ರಿ. ಇಷ್ಟು ನನಗ ತಿಳೀತದ" ಎಂದ. ಚಹಾ ಕೇಳಿದ. ನಾನು ವಾದ ಮಾಡಲಿಲ್ಲ. ಅವನು ಹೇಳುವುದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಆ ಕೋಣೆಯಲ್ಲಿ ನನ್ನ ಕಾಲು ಸ್ವಿಚ್ಚು ಬಿಟ್ಟು ದೀಪದ ಕಡೆ ತಿರುಗಿದ್ದು ಮಾತ್ರ ನನ್ನ ಬುದ್ಧಿಯಿಂದಲ್ಲ. ಅದು ನಮ್ಮವ್ವ ಕಲಿಸಿದ್ದು, ಅವಳಿಗೆ ಪ್ರಭು ಕಲಿಸಿದ್ದು ಎಂದು ನಾನು ನಂಬುತ್ತೇನೆ. ಮೊದಲು ಇಷ್ಟು ಗಟ್ಟಿಯಾಗಿ ನಂಬಿರಲಿಲ್ಲ.

ಈಗ ಪಟದ ಮುಂದೆ ನಿಂತು ಇಂಥದ್ದು ಕೊಡು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೈಯಲ್ಲಿ ಏನಿದೆಯೋ ಅದು ಕಾಣುವಷ್ಟು ಇರಲಿ ಎನ್ನುತ್ತೇನೆ. ಪ್ರವಚನದಲ್ಲಿ ಅರಿವು ಎಂಬ ಮಾತು ಬಂದರೆ ನನಗೆ ದೊಡ್ಡ ಬೆಳಕೇನೂ ಕಣ್ಮುಂದೆ ಬರುವುದಿಲ್ಲ, ಒಂದು ಮೊಳದ ಬೆಳಕಿನಲ್ಲಿ ಸುಟ್ಟ ತೂತಿನ ಟವೆಲ್ಲು ಬರುತ್ತದೆ. ಅರ್ಧ ನಮಸ್ಕಾರದ ಚೇಷ್ಟೆಯನ್ನೂ ಆಮೇಲೆ ಮಾಡಿಲ್ಲ.

ಈ ವರ್ಷ ಕಾರ್ತಿಕದಲ್ಲಿ ಗೂಗಲ್ಲಿಗೆ ಮೂವರೂ ಹೋಗಿದ್ದೆವು. ಸಂಜೆ ಗುಡಿಯ ಮುಂದೆ ಸಾಲಿನಲ್ಲಿ ನಿಂತಾಗ ಫಕ್ಕನೆ ಊರಿನ ಲೈಟೆಲ್ಲ ಹೋದವು. ಹೊಳೆಯ ಕಡೆಯವರೆಗೆ ಕತ್ತಲು. ಸಾಲಿನಲ್ಲಿದ್ದವರು ಗೊಣಗಿದರು. ಹಬ್ಬದ ದಿನವೂ ಇವರಿಗೆ ಲೈಟು ಕೊಡಲಾಗುವುದಿಲ್ಲವೇ ಎಂದು ಒಬ್ಬರು ಬೈದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಸುಮ್ಮನಿದ್ದೆ. ನನ್ನ ಹೆಗಲ ಮೇಲಿದ್ದ ಪ್ರಭಾ ಸುಮ್ಮನಿರಲಿಲ್ಲ. ಆ ಭಾಗಕ್ಕೆ ಭೀಮರಾಯನೇ ಲೈನ್‌ಮನ್ ಎಂಬುದು ಅವಳಿಗೆ ಗೊತ್ತು. ಅವನೇ ಅವಳಿಗೆ ಹೇಳಿಕೊಟ್ಟಿದ್ದಾನೆ.

"ಬೈಬ್ಯಾಡ್ರಿ. ಭೀಮಕಾಕಾ ಕಂಬದ ಮ್ಯಾಲ ಅದಾನ. ಇಳೀಲಿ ತಡೀರಿ" ಎಂದಳು.

ಬೈದವರು ತಿರುಗಿ ಅವಳನ್ನು ನೋಡಿ ನಕ್ಕರು. ಒಳಗೆ ಗರ್ಭಗುಡಿಯಲ್ಲಿ ಎಣ್ಣೆಯ ದೀಪ ತನ್ನಷ್ಟಕ್ಕೆ ಉರಿಯುತ್ತಿತ್ತು. ಹೆಗಲ ಮೇಲೆ ಮಗಳ ಎದೆ ನನ್ನ ತಲೆಗೆ ಒತ್ತಿಕೊಂಡಿತ್ತು, ಅವಳ ಉಸಿರು ಸದ್ದಿಲ್ಲದೆ ಆಡುತ್ತಿತ್ತು. ಲೈಟು ಬಂದ ಮೇಲೆ ಎಲ್ಲರೂ ಕೈ ಮುಗಿದರು. ನಾನು ಕತ್ತಲಲ್ಲೇ ಮುಗಿದಿದ್ದೆ.